ಬೇಸಿಗೆ ಬಿಸಿಲಲ್ಲಿ ದೂರದ ಸವಾರಿ: ಸೈಕಲ್ಲಿಗೆ ಯಾವುದು ಹಾಕಿಸಬೇಕು, ಯಾವುದು ಬೇಡ

ಎರಡು ಬೇಸಿಗೆ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಹಾಸನದಿಂದ ಅರಸೀಕೆರೆಗೆ ಸೈಕಲ್ ತುಳಿದುಕೊಂಡು ಹೋದೆ. ದೂರ ಹೆಚ್ಚೇನಿಲ್ಲ, ನಲವತ್ತು ಚಿಲ್ಲರೆ ಕಿಲೋಮೀಟರ್. ಹಿಂದಿನ ದಿನವಷ್ಟೇ ಸೀಟಿಗೆ ಮೆತ್ತನೆಯ ಜೆಲ್ ಕವರ್ ಹಾಕಿಸಿದ್ದೆ. ಅಂಗಡಿಯವರು ಟೈರಿಗೆ ಕಲ್ಲಿನ ಹಾಗೆ ಗಾಳಿ ಹೊಡೆದು "ಈಗ ಹೆಂಗೆ ಓಡುತ್ತೆ ನೋಡಿ" ಅಂದಿದ್ದರು. ಬೆನ್ನಿಗೆ ಒಂದು ಬ್ಯಾಗು, ಅದರಲ್ಲಿ ಎರಡು ಲೀಟರ್ ನೀರು, ಬದಲಿ ಬಟ್ಟೆ, ಪಂಪು. ಅರಸೀಕೆರೆ ಮುಟ್ಟಿದಾಗ ಹನ್ನೊಂದು ಗಂಟೆ. ತೊಡೆ ಸಂದಿ ಉಜ್ಜಿ ಉರಿಯುತ್ತಿತ್ತು. ಎರಡೂ ಕೈಯ ಕಿರುಬೆರಳು ಜೋಮು ಹಿಡಿದಿದ್ದವು. ಬೆನ್ನು ಪೂರ್ತಿ ತೊಪ್ಪೆ. ವಾಪಸ್ ತುಳಿಯಲು ಆಗಲಿಲ್ಲ, ಲಗೇಜ್ ಆಟೋದಲ್ಲಿ ಸೈಕಲ್ ಹಾಕಿಕೊಂಡು ಬಂದೆ.

ಇವತ್ತು ಅದೇ ಸೈಕಲ್ಲಿನಲ್ಲಿ ಹಾಸನ, ಬೇಲೂರು, ಹಳೇಬೀಡು ಸುತ್ತು ಹೊಡೆದು ಬರುತ್ತೇನೆ. 80–90 ಕಿಲೋಮೀಟರ್ ಆಗುತ್ತದೆ. ಇಳಿದ ಮೇಲೆ ನೆಟ್ಟಗೆ ನಡೆಯುತ್ತೇನೆ, ಊಟ ಸೇರುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಸೈಕಲ್ ಬದಲಾಯಿಸಿಲ್ಲ. ಆವತ್ತು ಆರಾಮ ಅಂತ ಹಾಕಿಸಿದ್ದನ್ನೆಲ್ಲ ಒಂದೊಂದಾಗಿ ತೆಗೆದೆ. ಸೆಕೆಯಲ್ಲಿ ಮೈಗೆ ಬೇಕಾಗಿರುವುದು ಮೆತ್ತೆ ಅಲ್ಲ, ಗಾಳಿ. ಮೈಮೇಲಿನ ಭಾರ ಸೈಕಲ್ ಮೇಲೆ ಹೋಗಬೇಕು, ಮೈಗೂ ಸೈಕಲ್ಲಿಗೂ ತಾಗುವ ಜಾಗದಲ್ಲಿ ಬೆವರು ಆರಬೇಕು. ಕೆಳಗೆ ಹೇಳುವ ಪ್ರತಿ ಆಯ್ಕೆಯನ್ನೂ ನಾನು ಈ ಎರಡು ಲೆಕ್ಕದಲ್ಲೇ ತೂಗಿದ್ದೇನೆ.

ಮೊದಲು ನಿಮ್ಮ ದಾರಿ ಯಾವುದು ನೋಡಿ

ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳೂ ಮಲೆನಾಡು, ಬಯಲುಸೀಮೆ ಎರಡರ ನಡುವೆ ಕೂತಿವೆ. ಹಾಸನದಿಂದ ಸಕಲೇಶಪುರದ ಕಡೆ ಹೊರಟರೆ ಹೋಗ್ತಾ ಹೋಗ್ತಾ ಕಾಫಿ ತೋಟದ ನೆರಳು ಸಿಗುತ್ತದೆ, ಏರಿಳಿತ ಜಾಸ್ತಿ. ಅರಸೀಕೆರೆ ಕಡೆಗೋ ಶ್ರವಣಬೆಳಗೊಳದ ಕಡೆಗೋ ಹೊರಟರೆ ಬಯಲು, ತೆಂಗಿನ ತೋಟ, ಒಣ ಗಾಳಿ. ಚಿಕ್ಕಮಗಳೂರಿನವರಿಗೂ ಹಾಗೇ. ಒಂದು ಕಡೆ ಗಿರಿ, ಇನ್ನೊಂದು ಕಡೆ ಕಡೂರು.

ಬಿಸಿಲು ಎರಡೂ ಕಡೆ ಇದೆ, ಆದರೆ ಕಾಟ ಬೇರೆ ಬೇರೆ. ಬಯಲಲ್ಲಿ ನೀವು ಗಂಟೆಗೆ 20 ಕಿಲೋಮೀಟರ್ ಹೋಗುತ್ತಿದ್ದರೆ ನಿಮ್ಮ ವೇಗವೇ ಗಾಳಿ ಬೀಸುತ್ತದೆ, ಬೆವರು ಕೂಡಲೇ ಆರುತ್ತದೆ. ಅಲ್ಲಿನ ಕಷ್ಟ ಅಂದರೆ ಕೂತ ಭಂಗಿಯಲ್ಲೇ ಗಂಟೆಗಟ್ಟಲೆ ಕೂತಿರುವುದು. ಏರಿನಲ್ಲಿ ವೇಗ ಏಳು ಎಂಟಕ್ಕೆ ಇಳಿಯುತ್ತದೆ, ಗಾಳಿ ನಿಂತುಹೋಗುತ್ತದೆ, ಮೈಯೊಳಗೆ ಹುಟ್ಟುವ ಕಾವು ಮಾತ್ರ ಏರುತ್ತಲೇ ಇರುತ್ತದೆ. ಹಾಗಾಗಿ ಕಡೂರಿನ ದಾರಿಯವರು ಟೈರು, ಸೀಟು, ನೀರು ಅಂತ ಯೋಚಿಸಿ. ಗಿರಿ ಹತ್ತುವವರು ಗೇರಿನ ಬಗ್ಗೆಯೂ ಅಷ್ಟೇ ಯೋಚಿಸಬೇಕು.

ಟೈರು: ದುಡ್ಡು ಒಂದೇ ಕಡೆ ಹಾಕುವುದಾದರೆ ಇಲ್ಲಿ ಹಾಕಿ

ಎಲ್ಲರೂ ಸೀಟಿನಿಂದ ಶುರುಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಆದರೆ ರಸ್ತೆಯ ಕುಲುಕು ಮೊದಲು ತಾಗುವುದು ಟೈರಿಗೆ. ಅಲ್ಲೇ ತಡೆದರೆ ಸೀಟು, ಕೈ, ಬೆನ್ನು ಮೂರಕ್ಕೂ ಒಂದೇ ಸಲಕ್ಕೆ ಸುಖ.

ರೋಡ್ ಬೈಕಿನ, ಅಂದರೆ ವೇಗಕ್ಕೆ ಮಾಡಿದ ತೆಳ್ಳನೆ ಟೈರಿನ ಸೈಕಲ್ಲಿನ, 25 ಎಂಎಂ ಟೈರಿಗೆ 80–90 ಪಿಎಸ್‌ಐ (ಪಂಪಿನ ಗೇಜ್ ತೋರಿಸುವ ಒತ್ತಡದ ಅಳತೆ) ಗಾಳಿ ಬೇಕು. ನುಣುಪಾದ ಹೆದ್ದಾರಿಯಲ್ಲಿ ಚೆನ್ನಾಗಿ ಓಡುತ್ತದೆ. ಒಳರಸ್ತೆಗೆ ಇಳಿದ ಕೂಡಲೇ ಜಲ್ಲಿಯ ಪ್ರತಿ ಹರಳೂ ಮೊಣಕೈಗೆ ಗೊತ್ತಾಗುತ್ತದೆ. ಅದೇ ಸೈಕಲ್ಲಿಗೆ 32 ಎಂಎಂ ಹಿಡಿಸಿದರೆ, 70 ಕೆಜಿ ಆಸುಪಾಸಿನವರಿಗೆ 55–60 ಪಿಎಸ್‌ಐ ಸಾಕು. ಹೈಬ್ರಿಡ್ ಸೈಕಲ್ಲಿನ 38 ಎಂಎಂಗೆ 45ರ ಹತ್ತಿರ ಇದ್ದರೂ ನಡೆಯುತ್ತದೆ. ಮುಂದಿನ ಚಕ್ರಕ್ಕೆ ಹಿಂದಿನದಕ್ಕಿಂತ ನಾಲ್ಕೈದು ಪಿಎಸ್‌ಐ ಕಡಿಮೆ ಇರಲಿ, ಅದರ ಮೇಲೆ ಭಾರ ಕಡಿಮೆ ಬೀಳುತ್ತದೆ. ತೂಕ ಜಾಸ್ತಿ ಇರುವವರು, ಸಾಮಾನು ಹೇರಿದವರು ಸ್ವಲ್ಪ ಏರಿಸಿಕೊಳ್ಳಿ, ಇಲ್ಲದಿದ್ದರೆ ಗುಂಡಿಯಲ್ಲಿ ರಿಮ್ಮು ಟ್ಯೂಬನ್ನು ಕಚ್ಚುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿಯನ್ನು ಮಾತ್ರ ದಾಟಬೇಡಿ.

ಅಗಲದ ಟೈರು ನಿಧಾನ ಅನ್ನುವ ಮಾತು ಬಹಳ ಕಡೆ ಕೇಳಿದ್ದೇನೆ. ನಮ್ಮ ಒಳರಸ್ತೆಗೆ ಅದು ನಿಜವಲ್ಲ. ಗಟ್ಟಿ ಟೈರು ಪ್ರತಿ ಉಬ್ಬಿಗೂ ಸೈಕಲ್ಲನ್ನೂ ನಿಮ್ಮನ್ನೂ ಮೇಲಕ್ಕೆ ಎತ್ತಿ ಕುಕ್ಕುತ್ತದೆ. ಎತ್ತುವ ಶಕ್ತಿ ನಿಮ್ಮ ಕಾಲಿನದೇ. ಮೆದು ಟೈರು ಉಬ್ಬನ್ನು ನುಂಗಿಕೊಂಡು ಹೋಗುತ್ತದೆ. ದಿನದ ಕೊನೆಗೆ ಯಾರು ಬೇಗ ಮನೆ ಸೇರುತ್ತಾರೆ ಅನ್ನುವುದು ಯಾರಿಗೆ ಕಡಿಮೆ ಸುಸ್ತಾಗಿದೆ ಅನ್ನುವುದರ ಮೇಲೆ ನಿಂತಿದೆ, ಅಲ್ವಾ?

ಅಗಲದ ಟೈರು ಹಿಡಿಯುತ್ತದಾ ಅಂತ ಮನೆಯಲ್ಲೇ ನೋಡಬಹುದು. ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು, ಟೈರಿಗೂ ಫ್ರೇಮಿಗೂ ನಡುವಿನ ಸಂದಿಗೆ ಅಲೆನ್ ಕೀಗಳನ್ನು (ಆರು ಮೂಲೆಯ, ಎಲ್ ಆಕಾರದ ಕೀ) ಒಂದೊಂದಾಗಿ ತೂರಿಸಿ. 25ರಿಂದ 32ಕ್ಕೆ ಹೋದರೆ ಒಂದೊಂದು ಪಕ್ಕಕ್ಕೆ ಮೂರೂವರೆ ಎಂಎಂ ಅಗಲ ಹೆಚ್ಚುತ್ತದೆ. ಅದಾದ ಮೇಲೂ ನಾಲ್ಕು ಎಂಎಂ ಖಾಲಿ ಉಳಿಯಬೇಕು. ಅಂದರೆ ಈಗ 8 ಎಂಎಂ ಕೀ ಸಲೀಸಾಗಿ ಒಳಗೆ ಹೋಗಬೇಕು. ಹೋಗಲಿಲ್ಲವಾದರೆ 28ಕ್ಕೆ ನಿಲ್ಲಿಸಿ. ಚಕ್ರದ ಮೇಲೆ ಕೂತು ರಿಮ್ಮನ್ನು ಎರಡೂ ಕಡೆ ಹಿಡಿಯುವ ಹಳೆಯ ಕ್ಯಾಲಿಪರ್ ಬ್ರೇಕು ಇದ್ದರೆ ಮೇಲುಗಡೆಯ ಸಂದಿಯನ್ನೂ ನೋಡಬೇಕು.

ಟೈರು ತರಲು ಹೋಗುವಾಗ ಇಂಚನ್ನು ನಂಬಬೇಡಿ. ಟೈರಿನ ಪಕ್ಕದಲ್ಲಿ 32-622 ಅಂತ ಒಂದು ಜೋಡಿ ಸಂಖ್ಯೆ ಇರುತ್ತದೆ, ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ಅಳತೆ, ಎರಡೂ ಎಂಎಂನಲ್ಲಿ. ಅದನ್ನು ಬರೆದುಕೊಂಡು ಹೋಗಿ. ರೋಡ್ ಬೈಕ್, ಹೈಬ್ರಿಡ್‌ಗಳ 700ಸಿ ಮತ್ತು 29 ಇಂಚಿನ ಎಂಟಿಬಿ (ಗುಡ್ಡಗಾಡಿನ ಸೈಕಲ್) ಎರಡೂ 622. 27.5 ಇಂಚು ಅಂದರೆ 584. 26 ಇಂಚಿನ ಎಂಟಿಬಿ 559. ಅಜ್ಜನ ಕಾಲದ ಕಪ್ಪು ಸೈಕಲ್ಲಿನ 28×1½ ಅಂದರೆ 635. 622, 635 ನೋಡಲು ಒಂದೇ ಥರ ಕಂಡರೂ ಒಂದರ ರಿಮ್ಮಿಗೆ ಇನ್ನೊಂದು ಕೂರುವುದಿಲ್ಲ.

ಎಂಟಿಬಿ ಇಟ್ಟುಕೊಂಡವರು ಬೇರೆ ಸೈಕಲ್ ತಗೊಳ್ಳಬೇಕಾಗಿಲ್ಲ. ಗಂಟು ಗಂಟು ಟೈರು ತೆಗೆದು ಅದೇ ಅಳತೆಯ ನುಣುಪು ಟೈರು ಹಾಕಿಸಿ. ಡಾಂಬರಿನ ಮೇಲೆ ಆ ಗುಯ್ ಅನ್ನುವ ಸದ್ದು ನಿಲ್ಲುತ್ತದೆ, ಅದರ ಜೊತೆಗೇ ಕಾಲಿಗೆ ಬೀಳುತ್ತಿದ್ದ ಎಳೆತವೂ ಕಡಿಮೆಯಾಗುತ್ತದೆ. ಮುಂದಿನ ಸಸ್ಪೆನ್ಷನ್ನಿಗೆ ಲಾಕ್ ಇದ್ದರೆ ಏರಿನಲ್ಲಿ ಹಾಕಿಕೊಳ್ಳಿ.

ಇನ್ನು ಬಿಸಿಲಿಗೆ ಟೈರು ಸಿಡಿಯುತ್ತದೆ ಅನ್ನುವ ಭಯ. ಬೆಳಗ್ಗೆ 20 ಡಿಗ್ರಿಯಲ್ಲಿ 60 ಪಿಎಸ್‌ಐ ಹೊಡೆದ ಟೈರು, ಮಧ್ಯಾಹ್ನ ಕಾದ ಡಾಂಬರಿನ ಮೇಲೆ 50 ಡಿಗ್ರಿಗೆ ಏರಿದರೂ ಒಳಗಿನ ಒತ್ತಡ 67–68 ಆಗುತ್ತದೆ, ಅಷ್ಟೇ. ಒಳ್ಳೆಯ ಟೈರಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಅಂಚು ಬಿರುಕುಬಿಟ್ಟ ಹಳೆ ಟೈರಿಗೆ, ಮಿತಿಯ ತುದಿವರೆಗೆ ಗಾಳಿ ತುಂಬಿದ ಟೈರಿಗೆ ಆ ಏಳೆಂಟು ಪಿಎಸ್‌ಐ ಸಾಕಾಗಬಹುದು. ನನ್ನ ಟೈರಿಗೆ ಆ ದಿನ ಹೊಡೆದ ಗಾಳಿ ಮಿತಿಗೆ ತಾಗಿಕೊಂಡೇ ಇತ್ತು ಅಂತ ಆಮೇಲೆ ಗೇಜ್ ಇಟ್ಟು ನೋಡಿದಾಗ ಗೊತ್ತಾಯಿತು. ಹೆಬ್ಬೆರಳಲ್ಲಿ ಒತ್ತಿ ನೋಡಿ ಹೇಳುವುದು ಸಾಲದು. ಗೇಜ್ ಇರುವ ಪಂಪು ಮನೆಯಲ್ಲಿರಲಿ.

ಟ್ಯೂಬ್‌ಲೆಸ್ಸಾ, ಟ್ಯೂಬಾ? ಬಯಲುಸೀಮೆಯ ಜಾಲಿ ಮುಳ್ಳಿಗೆ ಟ್ಯೂಬ್‌ಲೆಸ್ ಒಳ್ಳೆಯದು, ಒಳಗಿನ ಹಾಲಿನಂಥ ದ್ರವ ಸಣ್ಣ ತೂತನ್ನು ತಾನೇ ಮುಚ್ಚುತ್ತದೆ. ಆದರೆ ಬೇಸಿಗೆಯಲ್ಲಿ ಆ ದ್ರವ ಎರಡು ಮೂರು ತಿಂಗಳಿಗೇ ಒಣಗಿಹೋಗುತ್ತದೆ. ಮತ್ತೆ ಮತ್ತೆ ತುಂಬಿಸುವ ತಾಳ್ಮೆ ಬೇಕು. ನಾನು ಟ್ಯೂಬಿಗೇ ನಿಂತಿದ್ದೇನೆ. ಮುಳ್ಳು ತಡೆಯುವ ಪಟ್ಟಿ ಇರುವ ಟೈರು, ಒಂದು ಬದಲಿ ಟ್ಯೂಬು. ಜಾವಗಲ್‌ನಲ್ಲೋ ಬಾಣಾವರದಲ್ಲೋ ಪಂಕ್ಚರ್ ಆದರೆ ಯಾವ ಅಂಗಡಿಯಲ್ಲಾದರೂ ತೇಪೆ ಹಾಕಿಕೊಡುತ್ತಾರೆ. ನಿಮ್ಮದು ತೆಳ್ಳನೆಯ ಪ್ರೆಸ್ಟಾ ವಾಲ್ವ್ ಆದರೆ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿಟ್ಟುಬಿಡಿ. ಅದಿಲ್ಲದೆ ಪಂಕ್ಚರ್ ಅಂಗಡಿಯ ಪೈಪು ಕೂರುವುದಿಲ್ಲ.

ಸೀಟು: ಮೆತ್ತಗಿರುವುದು ಯಾಕೆ ನೋಯಿಸುತ್ತದೆ

ನಾವು ಕೂರುವುದು ಎರಡು ಮೂಳೆಗಳ ಮೇಲೆ. ಜೆಲ್ ಕವರ್ ಹಾಕಿದಾಗ ಆ ಮೂಳೆಗಳು ಕೆಳಗಿಳಿಯುತ್ತವೆ, ಜೆಲ್ ಪಕ್ಕಕ್ಕೂ ನಡುವಿಗೂ ಉಬ್ಬಿ ಬರುತ್ತದೆ, ನಡುವಿನ ಮೃದು ಭಾಗವನ್ನು ಒತ್ತುತ್ತದೆ. ನರ, ರಕ್ತನಾಳ ಹಾಯುವ ಜಾಗ ಅದು. ಮೊದಲ ಹತ್ತು ಕಿಲೋಮೀಟರ್ ಹಾಯಾಗಿರುತ್ತದೆ. ಮೂವತ್ತಕ್ಕೆ ಜೋಮು. ಬೇಸಿಗೆಯಲ್ಲಿ ಇನ್ನೊಂದು ಕಾಟ: ಜೆಲ್ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಬೆವರು ಆರಲು ಬಿಡುವುದಿಲ್ಲ, ಕವರು ಸೀಟಿನ ಮೇಲೆ ಅತ್ತಿತ್ತ ಜರುಗುತ್ತದೆ. ಒದ್ದೆ ಚರ್ಮ ಒಣ ಚರ್ಮಕ್ಕಿಂತ ಬೇಗ ಉಜ್ಜಿ ಕಿತ್ತುಹೋಗುತ್ತದೆ. ನನಗಾದದ್ದು ಅದೇ. ಪೇಟೆಗೆ ತರಕಾರಿಗೆ ಹೋಗುವವರಿಗೆ ಜೆಲ್ ಕವರ್ ಸರಿ. ಗಂಟೆಗಟ್ಟಲೆ ಕೂರುವವರು ಇವತ್ತೇ ತೆಗೆದಿಡಿ.

ಸ್ಪ್ರಿಂಗ್ ಇರುವ ಅಗಲದ ಸೀಟು ಕಪ್ಪು ಸೈಕಲ್ಲಿನಲ್ಲಿ ಬಹಳ ಚೆನ್ನ, ಯಾಕೆಂದರೆ ಅಲ್ಲಿ ನೆಟ್ಟಗೆ ಕೂರುತ್ತೇವೆ, ಭಾರ ಪೂರ್ತಿ ಹಿಂದೆ ಬೀಳುತ್ತದೆ. ಮುಂದಕ್ಕೆ ಬಾಗಿ ತುಳಿಯುವ ಸೈಕಲ್ಲಿಗೆ ಅದನ್ನು ಹಾಕಿದರೆ ತೊಡೆಯ ಒಳಭಾಗ ಅಂಚಿಗೆ ಉಜ್ಜುತ್ತದೆ. ಭಂಗಿ ನೆಟ್ಟಗಿದ್ದಷ್ಟೂ ಸೀಟು ಅಗಲ, ಬಾಗಿದಷ್ಟೂ ಕಿರಿದು.

ನಿಮಗೆ ಎಷ್ಟು ಅಗಲ ಬೇಕು ಅಂತ ಅಳೆಯಲು ಒಂದು ರಟ್ಟಿನ ಡಬ್ಬ ಸಾಕು. ಒಳಗೆ ಅಲೆ ಅಲೆ ಪದರ ಇರುವ ರಟ್ಟು ಕತ್ತರಿಸಿ ಜಗಲಿಯ ಮೇಲೋ ಮೆಟ್ಟಿಲ ಮೇಲೋ ಹಾಕಿ, ತೆಳ್ಳನೆಯ ಬಟ್ಟೆಯಲ್ಲಿ ಅದರ ಮೇಲೆ ಕೂತು, ಮಂಡಿ ಸ್ವಲ್ಪ ಮೇಲೆ ಬರುವಂತೆ ಕಾಲಿಟ್ಟು, ಮುಂದಕ್ಕೆ ಬಾಗಿ ಒಂದು ನಿಮಿಷ ಹಾಗೇ ಇರಿ. ಎದ್ದು ನೋಡಿದರೆ ಎರಡು ಗುಳಿ ಕಾಣುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದರೆ ಸ್ಪಷ್ಟ. ಗುಳಿಗಳ ನಡುವಿನಿಂದ ನಡುವಿಗೆ ಅಳೆದು ಎರಡು ಸೆಂಟಿಮೀಟರ್ ಸೇರಿಸಿ. ನನ್ನದು 12 ಸೆಂ.ಮೀ. ಬಂತು, ಹಾಗಾಗಿ 14 ಸೆಂ.ಮೀ. ಅಗಲದ ಸೀಟು. ಅದಕ್ಕೆ ಮುಂಚೆ ಕೂರುತ್ತಿದ್ದದ್ದು 16ರ ಸೀಟಿನ ಮೇಲೆ.

ಆಮೇಲೆ ಆಯ್ಕೆ ಉಳಿಯುವುದು ಎರಡು. ನಡುವೆ ಸೀಳು ಇರುವ ಗಟ್ಟಿ ಫೋಮ್ ಸೀಟು, ಇಲ್ಲವೇ ಚರ್ಮದ ಸೀಟು. ಇಂಗ್ಲೆಂಡಿನ ಬ್ರೂಕ್ಸ್ ಕಂಪನಿಯ ಬಿ17 ಥರದ ಚರ್ಮದ ಸೀಟು ಹಿಂದಿನಿಂದ ಮುಂದಕ್ಕೆ ಜೋಕಾಲಿ ಹಾಗೆ ಬಿಗಿದಿರುತ್ತದೆ. ಕೆಳಗೆ ಖಾಲಿ, ಗಾಳಿ ಆಡುತ್ತದೆ, ಚರ್ಮ ಬೆವರು ಹೀರಿ ಬಿಡುತ್ತದೆ. ಕೆಲವು ನೂರು ಕಿಲೋಮೀಟರ್ ತುಳಿದ ಮೇಲೆ ನಿಮ್ಮ ಮೂಳೆಯ ಅಚ್ಚು ಅದರಲ್ಲಿ ಮೂಡುತ್ತದೆ. ಒಣ ಬೇಸಿಗೆಗೆ ಇದಕ್ಕಿಂತ ತಣ್ಣನೆಯ ಸೀಟು ನಾನು ಕಂಡಿಲ್ಲ, ಸ್ನೇಹಿತರ ಸೈಕಲ್ಲಿನಲ್ಲಿ ಇಡೀ ದಿನ ಕೂತು ನೋಡಿದ್ದೇನೆ. ಆದರೂ ನಾನು ತಗೊಳ್ಳಲಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮಲ್ಲಿ ಕಾಫಿ ಹೂಮಳೆ ಮಧ್ಯಾಹ್ನ ಹೇಳದೆ ಕೇಳದೆ ಸುರಿಯುತ್ತದೆ, ನೆಂದ ಚರ್ಮದ ಮೇಲೆ ಕೂತು ತುಳಿದರೆ ಅದು ಜೋತುಬೀಳುತ್ತದೆ. ಜೂನ್ ಬಂತೆಂದರೆ ಸಕಲೇಶಪುರ, ಮೂಡಿಗೆರೆ ಕಡೆ ಗೋಡೆಗೆ ನೇತುಹಾಕಿದ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ. ಅಷ್ಟು ಆರೈಕೆ ನನ್ನಿಂದ ಆಗುವುದಿಲ್ಲ. ಅರಸೀಕೆರೆ, ಕಡೂರು, ಬೀರೂರಿನವರು ಧೈರ್ಯವಾಗಿ ಚರ್ಮಕ್ಕೆ ಹೋಗಿ. ಮಲೆನಾಡಿನ ಅಂಚಿನವರಿಗೆ ಸೀಳು ಇರುವ ಗಟ್ಟಿ ಫೋಮ್ ಸೀಟೇ ಸರಿ, ಅದರ ಜೊತೆ ಒಳಗೆ ಮೆತ್ತೆ ಹೊಲಿದ ಒಂದು ಒಳ್ಳೆಯ ಪ್ಯಾಡ್ ಶಾರ್ಟ್ಸ್. ಪ್ಯಾಡ್ ಶಾರ್ಟ್ಸ್ ಒಳಗೆ ಮತ್ತೊಂದು ಒಳಚಡ್ಡಿ ಹಾಕಬೇಡಿ. ಅದರ ಹೊಲಿಗೆಯೇ ಚರ್ಮ ಕುಯ್ಯುವುದು. ತೊಡೆ ಸಂದಿಗೆ ಹೊರಡುವ ಮುಂಚೆ ತೆಳ್ಳಗೆ ವ್ಯಾಸಲೀನ್ ಹಚ್ಚಿ.

ಎಷ್ಟೇ ಒಳ್ಳೆಯ ಸೀಟಾದರೂ ಎತ್ತರ ತಪ್ಪಿದರೆ ದಂಡ. ಗೋಡೆಗೆ ಒರಗಿ ಸೀಟಿನ ಮೇಲೆ ಕೂತು, ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಡಿ. ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿಯಲ್ಲಿ ಬೇಕಾದಷ್ಟು ಬಾಗು ಉಳಿಯುತ್ತದೆ. ಲೆಕ್ಕ ಹಾಕಿ ನೋಡುವವರಿಗೆ ಇನ್ನೊಂದು ದಾರಿ: ಬರಿಗಾಲಲ್ಲಿ ನಿಂತು ತೊಡೆ ಸಂದಿಯಿಂದ ನೆಲದವರೆಗೆ ಅಳೆದು 0.883ರಿಂದ ಗುಣಿಸಿ. ಪೆಡಲಿನ ತೋಳುಗಳು ಫ್ರೇಮಿಗೆ ಸೇರುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟಿರಬೇಕು. 80 ಸೆಂ.ಮೀ. ಇದ್ದವರಿಗೆ 70.6 ಬರುತ್ತದೆ. ಸೀಟು ಎತ್ತರವಾದರೆ ಸೊಂಟ ಅತ್ತಿತ್ತ ಹೊರಳುತ್ತದೆ. ಹೊರಳಿದರೆ ಉಜ್ಜುತ್ತದೆ, ಬೆವರಿದ ಮೈಗೆ ಅಷ್ಟೇ ಸಾಕು.

ಕೈ ಜೋಮು: ಮದ್ದು ಹಲವು ಸಲ ಸೀಟಿನಲ್ಲೇ ಇದೆ

ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಅಂಗೈಯ ಹೊರ ಅಂಚಿನಲ್ಲಿ ಹಾಯುವ ನರದ ಮೇಲೆ ಭಾರ ಬಿದ್ದಿದೆ ಅಂತ ಅರ್ಥ. ಹೆಬ್ಬೆರಳು, ತೋರುಬೆರಳ ಕಡೆ ಆದರೆ ಮಣಿಕಟ್ಟಿನ ನಡುವಿನ ನರ. ಕೂಡಲೇ ದಪ್ಪ ಗ್ರಿಪ್ಪು ತರಲು ಓಡುವ ಮೊದಲು ಸೀಟಿನ ಮೂಗು ಕೆಳಗೆ ಬಾಗಿದೆಯಾ ನೋಡಿ. ಬಾಗಿದ್ದರೆ ಮೈ ಮುಂದಕ್ಕೆ ಜಾರುತ್ತಾ ಇರುತ್ತದೆ, ಅದನ್ನು ಕೈ ತಡೆಯುತ್ತಾ ಇರುತ್ತದೆ. ಫೋನಿನಲ್ಲಿರುವ ಲೆವೆಲ್ ಇಟ್ಟು ಸೀಟನ್ನು ಸಮ ಮಾಡಿ. ಆಮೇಲೂ ಕೈ ಮೇಲೆ ಭಾರ ಅನಿಸಿದರೆ ಸೀಟನ್ನು ಐದು ಎಂಎಂ ಹಿಂದಕ್ಕೆ ತಳ್ಳಿ.

ಹ್ಯಾಂಡಲ್ಲಿನಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ, ಬೇಸಿಗೆಗೆ ನಾನು ನೋಡುವುದು ಒಂದೇ: ಎಷ್ಟು ಜಾಗದಲ್ಲಿ ಕೈ ಬದಲಾಯಿಸಬಹುದು. ಬಾಗಿದ ಡ್ರಾಪ್ ಹ್ಯಾಂಡಲ್ಲಿನಲ್ಲಿ ಮೂರು ಜಾಗ ಸಿಗುತ್ತದೆ, ಎದುರುಗಾಳಿಗೆ ಕುಗ್ಗಿಕೊಳ್ಳಬಹುದು. ನೇರ ಹ್ಯಾಂಡಲ್ಲಿನಲ್ಲಿ ಒಂದೇ ಜಾಗ. ಆದರೆ ತುದಿಗೆ ಬಾರ್ ಎಂಡ್ ಅನ್ನುವ ಎರಡು ಕೊಂಬು ಹಾಕಿಸಿದರೆ ಎರಡಾಯಿತು, ಬಹಳ ಕಡಿಮೆ ಖರ್ಚು, ನಾನು ಮಾಡಿದ್ದೂ ಇದನ್ನೇ. ಕಪ್ಪು ಸೈಕಲ್ಲಿನ ಹಿಂದಕ್ಕೆ ಬಾಗಿದ ಹ್ಯಾಂಡಲ್ಲು ಮಣಿಕಟ್ಟಿಗೆ ಎಲ್ಲಕ್ಕಿಂತ ಹಿತ. ಏರಿನಲ್ಲಿ ಎದ್ದು ನಿಂತು ತುಳಿಯಲು ಮಾತ್ರ ಕಷ್ಟ. ಹ್ಯಾಂಡಲ್ಲು ಯಾವುದೇ ಇರಲಿ, ಎತ್ತರ ಸೀಟಿನ ಸಮಕ್ಕಿರಲಿ. ಎದೆಗೆ ಗಾಳಿ ತಾಗುತ್ತದೆ, ಕತ್ತು ನೋಯುವುದಿಲ್ಲ. ಬಿಸಿಲಿಗೆ ಅಂಟಂಟಾಗುವ ರಬ್ಬರ್ ಗ್ರಿಪ್ಪು ಬೇಡ. ಅಂಗೈ ಊರಲು ಪಕ್ಕಕ್ಕೆ ಅಗಲವಾಗಿರುವ ಗ್ರಿಪ್ಪು ಸಿಕ್ಕರೆ ತಗೊಳ್ಳಿ.

ನೀರು: ಬೆನ್ನ ಮೇಲೋ, ಫ್ರೇಮಿನ ಮೇಲೋ

ಬೆನ್ನಿನ ನೀರು ಚೀಲದ ಅನುಕೂಲ ಇಲ್ಲ ಅನ್ನುವುದಿಲ್ಲ. ಎರಡು ಲೀಟರ್ ಹಿಡಿಯುತ್ತದೆ, ಪೈಪು ಬಾಯಿಗೇ ಬರುತ್ತದೆ, ಕೈ ಬಿಡಬೇಕಾಗಿಲ್ಲ. ಆದರೆ ಬೆನ್ನು ಮೈಯಲ್ಲಿ ಬೆವರು ಆರುವ ದೊಡ್ಡ ಜಾಗ. ಅದನ್ನೇ ಮುಚ್ಚಿಬಿಟ್ಟರೆ? ಮೇಲೆ ಎರಡು ಕೆಜಿ ಭಾರ, ಅದೂ ಕೂರುವ ಮೂಳೆಯ ಮೇಲೇ ಬೀಳುತ್ತದೆ. ಕಾಡು ದಾರಿಯಲ್ಲಿ ಕುಲುಕುತ್ತಾ ಹೋಗುವವರಿಗೆ ಸರಿ, ನಮ್ಮ ರಸ್ತೆ ಸವಾರಿಗೆ ಬೇಡ. ಬಟ್ಟೆ, ಪಂಪು, ಟ್ಯೂಬು ಕೂಡ ಬೆನ್ನಿನಿಂದ ಇಳಿಸಿ ಕ್ಯಾರಿಯರಿಗೆ ಹಾಕಿ. ಹಳೇ ಟ್ಯೂಬು ಕತ್ತರಿಸಿ ಬಿಗಿದರೆ ಎಂಥ ಗುಂಡಿಗೂ ಅಲುಗುವುದಿಲ್ಲ. ಈ ಒಂದು ಬದಲಾವಣೆಗೆ ನನಗೆ ಖರ್ಚೇ ಆಗಲಿಲ್ಲ, ಸಿಕ್ಕ ಸುಖ ಮಾತ್ರ ಟೈರಿನಷ್ಟೇ ದೊಡ್ಡದು.

ಫ್ರೇಮಿಗೆ ಎರಡು ಬಾಟಲಿ, ತಲಾ 750 ಮಿಲಿ. ಬಿಸಿಲಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಹೋಗುತ್ತದೆ, ಕೆಲವರಿಗೆ ಇನ್ನೂ ಜಾಸ್ತಿ. ಅಂದರೆ ಒಂದೂವರೆ ಲೀಟರ್ ಎರಡು ಗಂಟೆಗೆ ಸಾಕು, ನಡುವೆ ತುಂಬಿಸಿಕೊಳ್ಳಬೇಕು. ಬಾಟಲಿ ಹಿಡಿಕೆಗೆ ಫ್ರೇಮಿನಲ್ಲಿ ತೂತಿಲ್ಲವಾದರೆ ಪೈಪಿಗೆ ಹಾಕುವ ಹೋಸ್ ಕ್ಲ್ಯಾಂಪ್ ಎರಡು ತನ್ನಿ, ಫ್ರೇಮಿಗೆ ಹಳೇ ಟ್ಯೂಬಿನ ತುಂಡು ಸುತ್ತಿ ಅದರ ಮೇಲೆ ಬಿಗಿಯಿರಿ. ಬಣ್ಣ ಕೆರೆಯುವುದಿಲ್ಲ, ಜಾರುವುದೂ ಇಲ್ಲ.

ಬಿಸಿ ತಡೆಯುವ ಪದರ ಇರುವ ಬಾಟಲಿಯಾ, ಸಾದಾ ಬಾಟಲಿಯಾ? ಪದರದ ಬಾಟಲಿ ಒಂದೆರಡು ಗಂಟೆ ತಣ್ಣಗಿಡುತ್ತದೆ, ಆದರೆ ನೀರು ಕಡಿಮೆ ಹಿಡಿಯುತ್ತದೆ. ನಾನು ಸಾದಾ ಬಾಟಲಿಗೆ ಹಳೆಯ ಹತ್ತಿ ಕಾಲುಚೀಲ ಹಾಕುತ್ತೇನೆ. ಹಿಂದೆಲ್ಲ ಲಾರಿಗಳ ಮುಂದೆ ಕ್ಯಾನ್ವಾಸ್ ನೀರಿನ ಚೀಲ ನೇತುಹಾಕಿರುತ್ತಿದ್ದರು, ಅದೇ ವಿದ್ಯೆ, ಮಣ್ಣಿನ ಹೂಜಿಯದೂ ಅದೇ. ಕಾಲುಚೀಲವನ್ನು ನೀರಲ್ಲಿ ಅದ್ದಿ, ಹಿಂಡದೆ ಬಾಟಲಿಗೆ ಏರಿಸಿ. ಓಡುವ ಗಾಳಿಗೆ ನೀರು ಆರುತ್ತಾ ಬಾಟಲಿಯ ಬಿಸಿ ಎಳೆದುಕೊಂಡು ಹೋಗುತ್ತದೆ. ಹತ್ತು ಮಿಲಿ ನೀರು ಆವಿಯಾಗಲು ಬೇಕಾಗುವ ಶಾಖದಲ್ಲಿ 750 ಮಿಲಿ ನೀರು ಏಳು ಡಿಗ್ರಿಗಿಂತ ಹೆಚ್ಚು ತಣ್ಣಗಾಗಬಹುದು. ಸುತ್ತಲಿನ ಬಿಸಿ ಗಾಳಿಯೂ ಶಾಖ ಕೊಡುತ್ತಿರುವುದರಿಂದ ಅಷ್ಟೂ ಸಿಗುವುದಿಲ್ಲ, ಅರ್ಧ ಸಿಕ್ಕರೂ ಗಂಟಲಿಗೆ ಗೊತ್ತಾಗುತ್ತದೆ. ಅರ್ಧ ಗಂಟೆಗೊಮ್ಮೆ ಮತ್ತೆ ಒದ್ದೆ ಮಾಡಬೇಕು. ಅರಸೀಕೆರೆ ಕಡೆಯ ಒಣ ಗಾಳಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮಳೆ ಬರುವ ಮುಂಚಿನ ಬೇಗುದಿಯಲ್ಲಿ ಅಷ್ಟಾಗಿ ಇಲ್ಲ.

ಬಾಟಲಿಯೊಳಗೆ ಏನು ಅನ್ನುವುದೂ ಮುಖ್ಯ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಉಪ್ಪು, ಅಂದರೆ ಸೋಡಿಯಂ. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಾ, ಸೋಡಿಯಂ ಕಡಿಮೆ. ರಸ್ತೆ ಬದಿಯಲ್ಲಿ ಎಳನೀರು ಕುಡಿಯಿರಿ, ಖಂಡಿತ ಕುಡಿಯಿರಿ, ಆದರೆ ಅದೊಂದನ್ನೇ ನಂಬಿಕೊಂಡು 80 ಕಿಲೋಮೀಟರ್ ಹೋಗಬೇಡಿ. ಉಪ್ಪು ಹಾಕಿದ ನೀರು ಮಜ್ಜಿಗೆ ಜೊತೆಗಿರಲಿ. ಒಂದು ಬಾಟಲಿಯಲ್ಲಿ ಬರಿ ನೀರು, ಇನ್ನೊಂದರಲ್ಲಿ ಉಪ್ಪು ಸಕ್ಕರೆ ನೀರು ಅಂತ ನಾನು ಇಟ್ಟುಕೊಳ್ಳುತ್ತೇನೆ. ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮ. ಬೇಕಾದರೆ ನಿಂಬೆ ಹಿಂಡಿ. ಬಿಪಿ, ಸಕ್ಕರೆ ಕಾಯಿಲೆ ಇರುವವರು ಡಾಕ್ಟರನ್ನು ಕೇಳಿಕೊಂಡು ಮಾಡಿ. ಇನ್ನೊಂದು ಮಾತು. ಜೊತೆಗಿರುವವರು ಮಾತು ತಡವರಿಸಿದರೆ, ತೂರಾಡಿದರೆ, ನಡುಕ ಅಂದರೆ ಅಲ್ಲಿಗೇ ಸವಾರಿ ಮುಗಿಯಿತು. ನೆರಳಿಗೆ ಮಲಗಿಸಿ, ಮೈಮೇಲೆ ನೀರು ಸುರಿಯುತ್ತಾ ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ.

ಗೇರು: ಏರಿನವರಿಗೆ

ಕಾಲಿಗೆ ಹಾಕುವ ಶಕ್ತಿಯಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಪೆಡಲಿಗೆ ಹೋಗುತ್ತದೆ. ಉಳಿದ ಮೂರು ಪಾಲು ಮೈಯ ಕಾವು. ಗಾಳಿಯಿಲ್ಲದ ಏರಿನಲ್ಲಿ ಅದು ಹೋಗಲು ದಾರಿಯಿಲ್ಲ. ಹಾಗಾಗಿ ನಿಧಾನಕ್ಕೆ, ಹಗುರವಾಗಿ ತುಳಿಯಲು ಗೇರು ಬೇಕು. ಪೆಡಲ್ ಹತ್ತಿರದ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 28 ಇದ್ದರೆ, ಹಿಂದಿನದನ್ನು 34ಕ್ಕೆ ಬದಲಾಯಿಸಿ. ಪೆಡಲ್ ಒಂದು ಸುತ್ತಿಗೆ ಚಕ್ರ ಒಂದೇ ಸುತ್ತು, ಅಂದರೆ ಸುಮಾರು 2.1 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ ಏಳೂವರೆ ಕಿಲೋಮೀಟರ್ ಹೋಗುತ್ತೀರಿ, ಮಂಡಿಗೆ ನೋವಿಲ್ಲ. ಹಿಂದಿನ ಡಿರೇಲರ್, ಅಂದರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ, 34ನ್ನು ಎಳೆಯುತ್ತದಾ ಅಂತ ಮೆಕ್ಯಾನಿಕ್ ಹತ್ತಿರ ಮೊದಲೇ ಕೇಳಿ, ಎಳೆಯದಿದ್ದರೆ ಅದನ್ನೂ ಬದಲಿಸಬೇಕಾಗುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹೋಗುವವರಿಗೆ ಇದು ಸೀಟಿಗಿಂತ ಮುಖ್ಯ. ಬಯಲಲ್ಲಿ ಮಾತ್ರ ತುಳಿಯುವವರು ಈ ಖರ್ಚು ಬಿಟ್ಟುಬಿಡಿ.

ಸಣ್ಣಪುಟ್ಟವು

ಚೈನಿಗೆ ಧೂಳಿನ ಕಾಲದಲ್ಲಿ ದಪ್ಪ ಎಣ್ಣೆ ಬೇಡ, ತೆಳ್ಳನೆಯದು ಹಾಕಿ ಒರೆಸಿ. ಬಟ್ಟೆ ತಿಳಿ ಬಣ್ಣದ, ಬೇಗ ಒಣಗುವ ಪೂರ್ತಿ ತೋಳಿನದು ಇರಲಿ. ಹತ್ತಿಯದು ಮೊದಲು ತಂಪು, ಆಮೇಲೆ ಒದ್ದೆಯಾಗಿ ಅಂಟಿಕೊಂಡು ಉಜ್ಜುತ್ತದೆ. ಹೆಲ್ಮೆಟ್ಟಿಗೆ ಗಾಳಿ ಕಿಂಡಿ ದೊಡ್ಡದಿರಲಿ. ಹಳೇಬೀಡಿನಲ್ಲಿ ದೇವಸ್ಥಾನ ನೋಡಲು ಒಳಗೆ ಹೋದಾಗ ಸೈಕಲ್ಲನ್ನು ಬಿಸಿಲಿಗೆ ಬಿಟ್ಟರೆ ಕಪ್ಪು ಸೀಟು ಕಾದ ಕಾವಲಿ ಆಗಿರುತ್ತದೆ. ಒದ್ದೆ ಟವೆಲ್ ಒಂದನ್ನು ಸೀಟಿನಿಂದ ಬಾಟಲಿಯವರೆಗೆ ಹೊದಿಸಿ ಹೋಗಿ, ಬಂದ ಮೇಲೆ ಅದನ್ನೇ ಕತ್ತಿಗೆ ಹಾಕಿಕೊಳ್ಳಿ.

ಇಷ್ಟನ್ನೂ ಒಂದೇ ದಿನ ಬದಲಾಯಿಸಿಬಿಡಬೇಡಿ. ಯಾವುದು ಗುಣ ಕೊಟ್ಟಿತು, ಯಾವುದು ಕೆಡಿಸಿತು ಗೊತ್ತಾಗುವುದಿಲ್ಲ. ಒಂದು ವಾರ ಟೈರು, ಮುಂದಿನ ವಾರ ಸೀಟು. ಬದಲಾಯಿಸಿದ ಮೇಲೆ ಮೊದಲು ಗೊರೂರಿನವರೆಗೆ ಹೋಗಿ ಬನ್ನಿ, ಹೋಗುವಾಗ ಬೆಳಗಿನ ತಂಪಲ್ಲಿ, ಬರುವಾಗ ಹತ್ತು ಗಂಟೆಯ ಬಿಸಿಲಲ್ಲಿ. ಅಲೆನ್ ಕೀ ಜೇಬಿನಲ್ಲಿರಲಿ. ಎಲ್ಲಾದರೂ ನೋವು ಶುರುವಾದರೆ ಅಲ್ಲೇ ಮರದ ಕೆಳಗೆ ನಿಂತು ಸೀಟನ್ನು ಮೂರು ನಾಲ್ಕು ಎಂಎಂ ಏರಿಸಿಯೋ ಇಳಿಸಿಯೋ ನೋಡಿ, ಅದಕ್ಕಿಂತ ಜಾಸ್ತಿ ಬೇಡ. ಸರಿಹೋಯಿತು ಅನಿಸಿದ ದಿನ ಸೀಟಿನ ಕಂಬಕ್ಕೆ, ಫ್ರೇಮಿನ ಅಂಚಿಗೆ ಸರಿಯಾಗಿ, ಇನ್ಸುಲೇಷನ್ ಟೇಪು ಒಂದು ಸುತ್ತು ಸುತ್ತಿಡಿ. ಸರ್ವಿಸಿಗೆ ಬಿಟ್ಟಾಗ ಯಾರಾದರೂ ಸೀಟು ಇಳಿಸಿದರೂ ಟೇಪು ನೋಡಿಕೊಂಡು ಮತ್ತೆ ಅದೇ ಎತ್ತರಕ್ಕೆ ಏರಿಸಬಹುದು.